ಬಣ್ಣಕ್ಕೆ ಒಡೆಯನುಂಟೆ?

ಕಳೆದ ಕಾರ್ತಿಕಮಾಸದಲ್ಲಿ ಒಂದು ಸಂಜೆ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ, ನಮಗೆ ಬಹುಕಾಲದಿಂದ ಪರಿಚಿತರಾದ ಗೃಹಸ್ಥರೊಬ್ಬರು ಕಂಬದ ಮರೆಯಲ್ಲಿ ನಿಂತೇ ಇದ್ದರು. ಎಲ್ಲರೂ ಪ್ರಸಾದ ಸ್ವೀಕರಿಸಿ ಹೊರಟ ತರುವಾಯ ಹತ್ತಿರ ಬಂದು, "ಆಚಾರ್ಯರೇ, ಒಂದು ಸಂದೇಹ. ಶಾಸ್ತ್ರದ್ದಲ್ಲ, ಬಣ್ಣದ್ದು" ಎಂದರು.

ಅವರ ಮಗ ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿದ್ದಾನೆ. ಹಲವು ವರ್ಷ ಹಣ ಕೂಡಿಟ್ಟು ಒಂದು ಸ್ಪೋರ್ಟ್ಸ್ ಕಾರನ್ನು ಗೊತ್ತುಮಾಡಿದ್ದಾನೆ. ಅಷ್ಟಕ್ಕೆ ತಂದೆಗೆ ಅಸಮಾಧಾನವಿರಲಿಲ್ಲ. ತಯಾರಕರ ಪಟ್ಟಿಯಲ್ಲಿರುವ ಬಣ್ಣಗಳಾವುವೂ ಮಗನ ಮನಸ್ಸಿಗೆ ಬಾರದೆ, ತನ್ನ ಅಜ್ಜಿ ಹಬ್ಬಹರಿದಿನಗಳಲ್ಲಿ ಉಡುತ್ತಿದ್ದ ಒಂದು ರೇಷ್ಮೆ ಸೀರೆಯ ಬಣ್ಣವೇ ಆಗಬೇಕೆಂದು ಹಟ ಹಿಡಿದಿದ್ದಾನೆ. ಆ ಸೀರೆಯ ಒಡಲಿನಿಂದ ಅಂಗೈಯಗಲದ ತುಂಡನ್ನು ಕತ್ತರಿಸಿ ಕಳುಹಿಸೆಂದು ತಾಯಿಗೆ ಬರೆದ; ಆಕೆ ಕತ್ತರಿಸಿ ಕಳುಹಿಸಿಯೂ ಬಿಟ್ಟರು. "ನಮ್ಮ ತಾಯಿಯವರ ಸೀರೆ. ಕತ್ತರಿ ಹಾಕುವ ಮೊದಲು ನನ್ನನ್ನೊಂದು ಮಾತು ಕೇಳಲಿಲ್ಲ. ಅದು ಹೋಗಲಿ. ಬರಿಯ ಬಣ್ಣಕ್ಕೆಂದೇ ಹತ್ತು ಸಾವಿರ ಡಾಲರಿಗೂ ಮಿಗಿಲಾಗಿ ಕೊಡುತ್ತಾನಂತೆ. ಇದು ದೋಷವೋ ಅಲ್ಲವೋ, ತಾವು ಹೇಳಬೇಕು. ದೋಷವಾದರೆ ಅವನಿಗೆ ಏನೆಂದು ಬರೆಯಲಿ?"

ಅಂದು ನನಗೆ ಉತ್ತರ ತೋಚಲಿಲ್ಲ. ತಿಳಿಯದ ವಿಷಯದಲ್ಲಿ ಅಭಿಪ್ರಾಯ ಹೇಳುವುದಕ್ಕಿಂತ ಮೊದಲು ತಿಳಿದುಕೊಳ್ಳುವುದು ಲೇಸೆಂದು ಕೆಲವು ವಾರಗಳ ಅವಧಿ ಕೇಳಿಕೊಂಡೆ. ಅವರ ಅನುಮತಿ ಪಡೆದು ಈ ಪುಟಗಳಲ್ಲಿ ಬರೆಯುತ್ತಿದ್ದೇನೆ. ಮಕ್ಕಳು ಪರದೇಶದಲ್ಲಿರುವ ಮನೆಗಳು ನಮ್ಮಲ್ಲಿ ಒಂದೆರಡಲ್ಲವಾದ್ದರಿಂದ ಇಂತಹ ಪ್ರಶ್ನೆ ಇತರರಿಗೂ ಎದುರಾಗಿರಬಹುದು. ಹುಡುಗನ ಕಾರು ಯಾವ ಸಂಸ್ಥೆಯದೆಂಬುದು ಇಲ್ಲಿ ಅಪ್ರಸ್ತುತ.

ಬೇಕಾದ ಬಣ್ಣವನ್ನು ಹೇಳಿ ಮಾಡಿಸಿಕೊಳ್ಳುವ ಈ ಪದ್ಧತಿ ಹೇಗೆ ನಡೆಯುತ್ತದೆಂಬುದಕ್ಕೆ ಜರ್ಮನಿಯ ಪೋರ್ಷೆ ಸಂಸ್ಥೆಯ ಉದಾಹರಣೆ ಪ್ರಸಿದ್ಧವಾಗಿದೆ. ಸ್ಟುಟ್‌ಗಾರ್ಟ್ ನಗರದ ತ್ಸುಫೆನ್‌ಹೌಸೆನ್ ಎಂಬಲ್ಲಿ ಅವರ 911 ಎಂಬ ಕಾರು ತಯಾರಾಗುತ್ತದೆ. 'ಪೇಂಟ್ ಟು ಸ್ಯಾಂಪಲ್' ಎಂಬ ಹೆಸರಿನಲ್ಲಿ, ವಾಡಿಕೆಯ ಪಟ್ಟಿಯ ಹೊರಗಿನ ನೂರಕ್ಕೂ ಮಿಕ್ಕ ಬಣ್ಣಗಳನ್ನು ಅವರು ಒದಗಿಸುತ್ತಾರೆ. ಅವುಗಳಲ್ಲಿ ಹಲವು ಆ ಸಂಸ್ಥೆಯೇ ಹಿಂದೆ ಬಳಸಿ ಬಿಟ್ಟಿದ್ದ ಬಣ್ಣಗಳು. ಅದೂ ಸಾಲದವನು ತನ್ನದೇ ಮಾದರಿಯನ್ನು ಕೊಟ್ಟು ಬಣ್ಣ ಮಾಡಿಸಿಕೊಳ್ಳಲು ಇನ್ನೂ ಹೆಚ್ಚಿನ ಬೆಲೆಯ ಮತ್ತೊಂದು ಏರ್ಪಾಡಿದೆ. ಇಟಲಿಯ ಫೆರಾರಿ ಮೊದಲಾದವರಲ್ಲಿಯೂ ಇಂತಹ ವ್ಯವಸ್ಥೆಗಳುಂಟು.

ಮಾದರಿ ಕೊಟ್ಟ ಮಾತ್ರಕ್ಕೆ ಬಣ್ಣ ಸಿದ್ಧವಾಗುವುದಿಲ್ಲ. ಅದು ಸಾಧ್ಯವೇ ಎಂಬ ಪರೀಕ್ಷೆ ಮೊದಲು ನಡೆಯಬೇಕು. ಬಟ್ಟೆಯ ಮೇಲೆ ಚೆಲುವಾಗಿ ಕಾಣುವುದು ಲೋಹದ ಮೇಲೆ ಹಾಗೆಯೇ ಕಾಣಬೇಕೆಂಬ ನಿಯಮವಿಲ್ಲ. ಕಾರಿನ ಒಡಲು ಲೋಹದ್ದು, ಮುಂದಿನ ಹಿಂದಿನ ಬಂಪರುಗಳು ಪ್ಲಾಸ್ಟಿಕಿನವು. ಎರಡರ ಮೇಲೂ ಬಣ್ಣ ಒಂದೇ ಆಗಿ ತೋರಬೇಕು. ಬಿಸಿಲಿಗೆ ಮಾಸಬಾರದು, ಮಳೆಗೆ ಏಳಬಾರದು. ಇದಕ್ಕೆಲ್ಲ ತಿಂಗಳುಗಳೇ ಹಿಡಿಯುತ್ತವೆ. ಕೆಲವು ಬಣ್ಣಗಳನ್ನು ಆಗದೆಂದು ಹಿಂದಿರುಗಿಸುವುದೂ ಉಂಟು. ಒಪ್ಪಿಗೆಯಾದರೆ ತುಕ್ಕು ಹಿಡಿಯದಂತೆ ವಿದ್ಯುತ್ತಿನ ಸಹಾಯದಿಂದ ಲೇಪಿಸುವ ಪದರ, ಅದರ ಮೇಲೆ ಸಮತಟ್ಟು ಮಾಡುವ ಪದರ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪಿನ ಪಾರದರ್ಶಕ ಪದರ. ಇಷ್ಟೂ ಸೇರಿ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಅದರಲ್ಲಿ ಬಣ್ಣವೆಂಬುದು ತಲೆಗೂದಲಿಗಿಂತಲೂ ತೆಳುವಾದ ಒಂದು ಪೊರೆ. ಹತ್ತು ಸಾವಿರ ಡಾಲರು ಆ ಪೊರೆಯ ಬೆಲೆ.

ವಾಹನಕ್ಕೂ ಬಣ್ಣಕ್ಕೂ ಹೀಗೆ ವ್ಯಕ್ತಿಗತವಾದ ನಂಟು ಮೊದಲಿನಿಂದಲೂ ಇದ್ದುದಲ್ಲ. ಅಮೇರಿಕದ ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣವೊಂದರಲ್ಲಿಯೇ ದೊರೆಯುತ್ತಿತ್ತು. 1923ರ ಸುಮಾರಿಗೆ ಬೇಗನೆ ಒಣಗುವ ಡ್ಯೂಕೋ ಎಂಬ ಲೇಪ ಬಳಕೆಗೆ ಬಂದು, ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಲ್ಲಿ ಮುಗಿಯುವಂತಾದ ಮೇಲೆ ಬಗೆಬಗೆಯ ಬಣ್ಣಗಳು ಸಾಮಾನ್ಯರ ಕೈಗೂ ಎಟುಕಿದವು. ಪಂದ್ಯದ ಕಾರುಗಳಲ್ಲಂತೂ ಬಣ್ಣವು ದೇಶದ ಸೊತ್ತಾಗಿತ್ತು. ಇಟಲಿಗೆ ಕೆಂಪು, ಬ್ರಿಟನ್ನಿಗೆ ಹಸಿರು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಮೊದಲು ಬಿಳಿ, ತರುವಾಯ ಬೆಳ್ಳಿ. ಇಂದು ಫೆರಾರಿಯೆಂದೊಡನೆ ನೆನಪಾಗುವ ಕೆಂಪು ಯಾರೊಬ್ಬರ ಅಭಿರುಚಿಯೂ ಅಲ್ಲ, ಒಂದು ದೇಶದ ಗುರುತು.

ಈಗ ಗೃಹಸ್ಥರ ಪ್ರಶ್ನೆಗೆ ಬರೋಣ. ಹಿರಿಯರಾದವರು ಒಡನೆಯೇ ಹೇಳುವ ಮಾತು ಒಂದಿದೆ: ಇದು ಆಡಂಬರ, ಇದೇ ಹಣದಲ್ಲಿ ಎಷ್ಟು ಜನ ವಿದ್ಯಾರ್ಥಿಗಳಿಗೆ ಅನ್ನವಿಕ್ಕಬಹುದಿತ್ತು ಎಂದು. ಈ ವಾದದಲ್ಲಿ ಬಲವಿಲ್ಲವೆಂದು ನಾನು ಹೇಳಲಾರೆ. ಆದರೆ ಅದನ್ನು ಬಣ್ಣಕ್ಕೆ ಮಾತ್ರ ಅನ್ವಯಿಸಿ ಕಾರಿಗೂ, ನಮ್ಮ ಮದುವೆಯ ಛತ್ರಗಳ ಬಾಡಿಗೆಗೂ ಅನ್ವಯಿಸದಿರುವುದು ನ್ಯಾಯವಲ್ಲ. ನೇಯುವವರ ಮನೆಗೇ ಹೋಗಿ, ಅಂಚು ಇಂತಹುದೇ ಇರಬೇಕು, ಒಡಲು ಇನ್ನೊಬ್ಬರ ಮೈಮೇಲೆ ಕಾಣದಂತಿರಬೇಕು ಎಂದು ಹೇಳಿ ನೇಯಿಸಿಕೊಂಡ ಸೀರೆಗಳು ನಮ್ಮ ಪೆಟ್ಟಿಗೆಗಳಲ್ಲಿ ಇಲ್ಲವೆ? ಹುಡುಗ ಕೇಳಿದ ಸೀರೆಯೇ ಅಂತಹುದಿರಬಹುದು. ಅಂದವನ್ನು ಬಯಸುವುದು ದೋಷವಲ್ಲ. ಪ್ರೀತಿಸಿದ ಹಿರಿಯರ ನೆನಪನ್ನು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಬೇಕೆಂಬುದು ದೋಷವಂತೂ ಅಲ್ಲವೇ ಅಲ್ಲ. ಇಷ್ಟೇ ಆಗಿದ್ದರೆ ನಾನು ಅಂದೇ ಗೃಹಸ್ಥರಿಗೆ ಸಮಾಧಾನ ಹೇಳಿ ಕಳುಹಿಸುತ್ತಿದ್ದೆ.

ಆದರೆ ಮಗನ ಪತ್ರದಲ್ಲಿ ಇನ್ನೊಂದು ವಾಕ್ಯವಿತ್ತು. ಈ ಬಣ್ಣ ಲೋಕದಲ್ಲಿ ತನ್ನೊಬ್ಬನಲ್ಲಿ ಮಾತ್ರ ಇರತಕ್ಕದ್ದು, ಇನ್ನಾರಿಗೂ ಕೊಡದಂತೆ ಮಾಡಿಕೊಳ್ಳಲು ಸಾಧ್ಯವೇ ಎಂದು ವಿಚಾರಿಸುತ್ತಿದ್ದೇನೆ, ಎಂದು. ನನ್ನನ್ನು ತಡೆದು ನಿಲ್ಲಿಸಿದ್ದು ಆ ವಾಕ್ಯ. ಅದು ಹುಡುಗನ ಕಲ್ಪನೆಯೇನೂ ಅಲ್ಲ. ರೋಲ್ಸ್ ರಾಯ್ಸ್ ಸಂಸ್ಥೆಯವರಲ್ಲಿ ನಲವತ್ತನಾಲ್ಕು ಸಾವಿರ ಬಣ್ಣಗಳಿದ್ದರೂ, ಒಬ್ಬ ಗ್ರಾಹಕನಿಗೆಂದು ಹೊಸದಾಗಿ ಮಾಡಿದ ಬಣ್ಣವನ್ನು ಅವನ ಒಪ್ಪಿಗೆಯಿಲ್ಲದೆ ಬೇರೊಬ್ಬನಿಗೆ ಹಚ್ಚುವುದಿಲ್ಲವೆಂದು ಪ್ರಸಿದ್ಧಿ. 2016ರಲ್ಲಿ, ಮುಂಬಯಿಯಲ್ಲಿ ಜನಿಸಿ ಲಂಡನ್ನಿನಲ್ಲಿ ನೆಲೆಸಿದ ಶಿಲ್ಪಿ ಅನೀಶ್ ಕಪೂರ್, ಬೆಳಕನ್ನು ಬಹುತೇಕ ನುಂಗಿಬಿಡುವ ವ್ಯಾಂಟಾಬ್ಲ್ಯಾಕ್ ಎಂಬ ಕಪ್ಪನ್ನು ಕಲೆಯಲ್ಲಿ ಬಳಸುವ ಹಕ್ಕನ್ನು ತಮಗೊಬ್ಬರಿಗೇ ಪಡೆದುಕೊಂಡಾಗ ಇತರ ಕಲಾವಿದರು ಬಹಳವಾಗಿ ನೊಂದರು. ಅವರಲ್ಲೊಬ್ಬ ಬ್ರಿಟಿಷ್ ಕಲಾವಿದ ತಾನೇ ಒಂದು ಉಜ್ವಲವಾದ ಗುಲಾಬಿ ಬಣ್ಣವನ್ನು ತಯಾರಿಸಿ, ಕಪೂರರೊಬ್ಬರನ್ನು ಬಿಟ್ಟು ಲೋಕದಲ್ಲಿ ಯಾರು ಬೇಕಾದರೂ ಇದನ್ನು ಕೊಳ್ಳಬಹುದೆಂದು ಸಾರಿದ! ನಗು ಬರುವ ಪ್ರಸಂಗವೇ ಸರಿ. ಆದರೆ ಆ ಬಣ್ಣದಲ್ಲಿಯೂ ಒಬ್ಬನಿಗೆ ಮುಚ್ಚಿದ ಬಾಗಿಲಿದೆ.

ಬಣ್ಣ ಒಬ್ಬನದಾಗಬಲ್ಲುದೆ? ತರ್ಕದಲ್ಲಿ ರೂಪವು ಗುಣವೆಂದು ಎಣಿಸಲ್ಪಡುತ್ತದೆ, ಗುಣವು ದ್ರವ್ಯವನ್ನು ಆಶ್ರಯಿಸಿರುತ್ತದೆ. ಅನೇಕ ಕೆಂಪು ವಸ್ತುಗಳಲ್ಲಿ ಕೆಂಪುತನವೆಂಬ ಒಂದೇ ಜಾತಿ ವ್ಯಾಪಿಸಿದೆಯೆಂದು ನೈಯಾಯಿಕರು ಹೇಳುವುದನ್ನು ನಮ್ಮ ಸಿದ್ಧಾಂತ ಒಪ್ಪುವುದಿಲ್ಲವೆಂಬುದು ಓದುಗರಿಗೆ ವಿದಿತವೇ ಆಗಿದೆ. ಈ ದಾಸವಾಳದ ಕೆಂಪು ಈ ದಾಸವಾಳದ್ದೇ, ಆ ದಾಸವಾಳದ ಕೆಂಪು ಅದರದ್ದೇ; ಎರಡರಲ್ಲಿ ಸಾದೃಶ್ಯವಿರುವುದರಿಂದ ಒಂದೇ ಶಬ್ದದಿಂದ ಕರೆಯುತ್ತೇವೆ. ಹೀಗಿರಲಾಗಿ, ಬೀದಿಯಲ್ಲಿ ನಿಂತ ಅತಿ ಸಾಮಾನ್ಯವಾದ ಬಿಳಿಯ ಕಾರಿನ ಬಿಳುಪೂ ಆ ಕಾರಿನದ್ದು ಮಾತ್ರವೇ. ಕಾರು ರಿಪೇರಿ ಮಾಡುವವರನ್ನು ಕೇಳಿ ನೋಡಿ. ಬಣ್ಣದ ಸಂಖ್ಯೆ ಒಂದೇ ಇದ್ದರೂ ಬಿಸಿಲು ಕಂಡ ಕಾರಿಗೆ ಹೊಸ ಬಣ್ಣ ಹೊಂದುವುದಿಲ್ಲ, ಪ್ರತಿ ಕಾರಿಗೂ ನೋಡಿ ಬೆರೆಸಬೇಕು ಎನ್ನುತ್ತಾರೆ. ಹುಡುಗ ಅಷ್ಟೊಂದು ಹಣಕ್ಕೆ ಕೊಳ್ಳಹೊರಟ ವಿಶಿಷ್ಟತೆ ಬೆಲೆಯಿಲ್ಲದೆಯೇ ಪ್ರತಿಯೊಂದು ವಸ್ತುವಿಗೂ ಬಂದಿದೆ. ಹಾಗಾದರೆ ಅವನು ಕೊಳ್ಳುವುದು ಏನನ್ನು? ಸಾದೃಶ್ಯದ ಅಭಾವವನ್ನು. ತನ್ನದನ್ನು ಹೋಲುವುದು ಇನ್ನೊಂದಿರಬಾರದೆಂಬುದನ್ನು. ಇದು ಬಣ್ಣದ ಮೇಲಿನ ಪ್ರೀತಿಯಲ್ಲ. ಇತರರ ವಿಷಯದಲ್ಲಿ ಒಂದು ನಿಷೇಧ.

ಇಲ್ಲಿ ಒಂದು ಸ್ವಾರಸ್ಯವಿದೆ. ಕಾರಿನ ಬಣ್ಣವನ್ನು ಎಲ್ಲರಿಗಿಂತ ಕಡಿಮೆ ನೋಡುವವನು ಅದನ್ನು ನಡೆಸುವವನೇ. ಒಳಗೆ ಕುಳಿತವನಿಗೆ ಮುಂದಿನ ಮುಚ್ಚಳದ ಅಂಚು, ಕನ್ನಡಿಯಲ್ಲಿ ಪಕ್ಕದ ಒಂದು ಗೀಟು, ಅಷ್ಟೇ. ಪೂರ್ತಿ ನೋಡುವವರು ದಾರಿಹೋಕರು. ಹೀಗೆ ನೋಡಿದರೆ ಬಣ್ಣವೆಂಬುದು ಕಾರಿನ ಒಡೆಯ ಬೀದಿಗೆ ಕೊಡುವ ವಸ್ತು. ಕೊಡುವುದೆಂದು ತಿಳಿದು ಕೊಟ್ಟವರೂ ಇದ್ದಾರೆ. ಅಮೇರಿಕದ ಗಾಯಕಿ ಜಾನಿಸ್ ಜಾಪ್ಲಿನ್ ತಮ್ಮ 1964ರ ಪೋರ್ಷೆ 356 ಕಾರಿಗೆ ಡೇವ್ ರಿಚರ್ಡ್ಸ್ ಎಂಬವರಿಂದ ಮೈತುಂಬ ಚಿತ್ರ ಬರೆಯಿಸಿದ್ದರು. ಅದನ್ನು ದಿನನಿತ್ಯ ಊರೊಳಗೆ ಓಡಿಸುತ್ತಿದ್ದರು. ಎಲ್ಲಿ ನಿಲ್ಲಿಸಿದರೂ ಅಭಿಮಾನಿಗಳು ಗುರುತಿಸಿ ಅದರ ಗಾಜಿಗೆ ಚೀಟಿ ಸಿಕ್ಕಿಸಿ ಹೋಗುತ್ತಿದ್ದರಂತೆ. 2015ರಲ್ಲಿ ಆ ಕಾರು ಹರಾಜಿನಲ್ಲಿ ಹದಿನೇಳು ಲಕ್ಷ ಡಾಲರಿಗೂ ಮಿಗಿಲಾಗಿ ಮಾರಿತು. ಅದರಂತಹುದೂ ಇನ್ನೊಂದಿರಲಿಲ್ಲ, ನಿಜ. ಆದರೆ ಅದು ಜನರನ್ನು ಹತ್ತಿರ ಕರೆದ ಬಣ್ಣ.

ಈಗಿನ ಕೆಲವರ ರೀತಿಯೇ ಬೇರೆ. ಹೇಳಿ ಮಾಡಿಸಿದ ಬಣ್ಣ ಮುಂದೆ ಮಾರುವಾಗ ಹೆಚ್ಚು ಬೆಲೆ ತರುವುದೆಂದು ಲೆಕ್ಕ ಹಾಕಿ, ಮೇಲೆ ಪಾರದರ್ಶಕ ಹಾಳೆ ಅಂಟಿಸಿ, ಬೀಗ ಹಾಕಿದ ಕೊಟ್ಟಿಗೆಯಲ್ಲಿ ಇಡುತ್ತಾರೆ. ನಮ್ಮ ಗೃಹಸ್ಥರ ಪತ್ನಿಗೆ ಈ ಹಾಳೆಯ ಸಂಗತಿ ಕೇಳಿ ಬಂದ ಸಂದೇಹವೇ ಬೇರೆ: ಆಯುಧಪೂಜೆಯ ದಿನ ಅರಿಶಿನ ಕುಂಕುಮವನ್ನು ಹಾಳೆಗೆ ಹಚ್ಚಿದರೆ ಕಾರಿಗೆ ಹಚ್ಚಿದಂತಾಯಿತೆ ಎಂದು! ಇದಕ್ಕೂ ನಾನು ಅವಧಿ ಕೇಳಿಕೊಂಡಿದ್ದೇನೆ.

ಒಡೆತನದ ಮಾತನ್ನು ಹುಡುಗನಿಗೆ ಬರೆದರೆ ಒಪ್ಪುವನೆಂದು ನನಗೆ ತೋರಿತು. ಆದರೆ ವಿಷಯವನ್ನು ತಿಳಿಯುತ್ತ ಹೋದಂತೆ ನಾನು ಎಣಿಸದೆ ಇದ್ದ ಇನ್ನೊಂದು ಸಂಗತಿ ಎದುರಾಯಿತು. ಅದು ಹೆಚ್ಚು ಕಠಿಣವಾದದ್ದು.

ಅಜ್ಜಿಯ ಸೀರೆ ನವಿಲಿನ ಕೊರಳಿನ ಬಣ್ಣದ್ದು. ಹಾಸು ನೀಲಿ, ಹೊಕ್ಕು ಹಸಿರು. ಆದ್ದರಿಂದ ಒಂದು ಕಡೆಯಿಂದ ನೋಡಿದರೆ ನೀಲಿ, ಮಡಿಕೆ ತಿರುಗಿದರೆ ಹಸಿರು. ಮಗ್ಗದ ಮೇಲೆ ಎರಡು ನೂಲುಗಳಿಂದ ಆಗುವ ಈ ಕೆಲಸವನ್ನು ಲೋಹದ ಮೇಲೆ ಮಾಡಬೇಕಾದರೆ ಸಾಮಾನ್ಯ ಬಣ್ಣದಿಂದ ಆಗದು. ಅದಕ್ಕೆ ಬಳಸುವ ವಸ್ತುಗಳಲ್ಲಿ ಮುಖ್ಯವಾದದ್ದು ಅಭ್ರಕ, ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರವೆಂದು ಕರೆಯುವುದು. ಅದರ ಸೂಕ್ಷ್ಮವಾದ ತೆಳು ಹಳುಕುಗಳಿಗೆ ಟೈಟೇನಿಯಂ ಡೈಆಕ್ಸೈಡಿನ ಲೇಪ ಕೊಟ್ಟು ಬಣ್ಣದಲ್ಲಿ ಬೆರೆಸಿದರೆ, ಪದರ ಪದರಗಳಿಂದ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿ, ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಮುತ್ತಿನಂತೆ ಮಿನುಗುವ ಕಾರುಗಳಲ್ಲಿ ಅನೇಕಕ್ಕೆ ಆ ಮಿನುಗು ಬಂದಿರುವುದು ಹೀಗೆ.

ಲೋಕಕ್ಕೆ ಅಭ್ರಕ ಒದಗಿಸುವ ಸೀಮೆಗಳಲ್ಲಿ ನಮ್ಮ ದೇಶದ ಝಾರ್ಖಂಡದ ಕೋಡರ್ಮಾ, ಗಿರಿಡೀಹ್ ಹಾಗೂ ನೆರೆಯ ಬಿಹಾರದ ನವಾದಾ ಪ್ರಮುಖವಾದವು. 1980ರ ಅರಣ್ಯ ಸಂರಕ್ಷಣಾ ಕಾನೂನು ಬಂದ ತರುವಾಯ ಅಲ್ಲಿನ ಅಧಿಕೃತ ಗಣಿಗಳು ಹೆಚ್ಚಾಗಿ ಮುಚ್ಚಿದವು. ಆದರೆ ಕೊಳ್ಳುವವರು ನಿಲ್ಲಲಿಲ್ಲ. ಬಡ ಸಂಸಾರಗಳು ಹಳೆಯ ಗುಂಡಿಗಳನ್ನು ತೋಡಿ, ಬಿಸುಟ ರಾಶಿಗಳನ್ನು ಕೆದಕಿ ತುಣುಕುಗಳನ್ನು ಆಯತೊಡಗಿದವು. ಚಿಕ್ಕ ಬಿಲಗಳಲ್ಲಿ ನುಸುಳಲು ಮಕ್ಕಳ ಮೈ ಅನುಕೂಲ, ಹಾಳೆ ಬಿಡಿಸಲು ಮಕ್ಕಳ ಬೆರಳು ಅನುಕೂಲ. 2016ರಲ್ಲಿ ಥಾಮ್ಸನ್ ರಾಯ್ಟರ್ಸ್ ಫೌಂಡೇಶನ್ ನಡೆಸಿದ ತನಿಖೆಯಲ್ಲಿ, ಎರಡು ತಿಂಗಳ ಅವಧಿಯಲ್ಲಿ ಏಳು ಮಕ್ಕಳು ಇಂತಹ ಗುಂಡಿಗಳಲ್ಲಿ ಸತ್ತದ್ದು ಬೆಳಕಿಗೆ ಬಂದಿತು. ಸಾವುಗಳನ್ನು ಹೇಳದೆ ಮುಚ್ಚಿಡುತ್ತಿದ್ದರು. ಹೇಳಿದರೆ ಇದ್ದ ಕೆಲಸವೂ ಹೋಗುತ್ತಿತ್ತು. ಮರುವರ್ಷ, 2017ರಲ್ಲಿ, ಅಭ್ರಕ ಬಳಸುವ ಉದ್ಯಮಗಳು ಕೂಡಿ 'ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್' ಎಂಬ ಸಂಘಟನೆಯನ್ನು ಕಟ್ಟಿಕೊಂಡವು. ಪೋರ್ಷೆಯೂ ಮುಂದೆ ಅದರಲ್ಲಿ ಸೇರಿತು. ಮಕ್ಕಳನ್ನು ಗಣಿಯಿಂದ ಶಾಲೆಗೆ ತರುವುದು ಅದರ ಗುರಿ. ಕೆಲಸ ಸಾಗಿದೆ, ಪೂರ್ಣವಾಗಿಲ್ಲ.

ಇದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಎಚ್ಚರವಾಗಿದ್ದೆ. ಅಲ್ಲಿಯವರೆಗೆ ನನ್ನ ಯೋಚನೆಯೆಲ್ಲ ಕೊಳ್ಳುವವನ ಅಂತಃಕರಣದ ಸುತ್ತಲೇ ಇತ್ತು: ಅವನಲ್ಲಿ ಅಹಂಕಾರವಿದೆಯೇ, ಮಮಕಾರವಿದೆಯೇ ಎಂದು. ಬಣ್ಣವೆಂಬುದು ಎಲ್ಲಿಂದಲೋ ಬರುವ ದ್ರವ್ಯ, ಅದನ್ನು ಯಾರೋ ನೆಲದಿಂದ ತೆಗೆಯುತ್ತಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಇದು ನಾಚಿಕೆಯ ಸಂಗತಿ. ಏಕೆಂದರೆ ದ್ರವ್ಯಶುದ್ಧಿಯ ವಿಚಾರ ನಮಗೆ ಹೊಸದಲ್ಲ. ಪೂಜೆಗೆ ತಂದ ಹೂವು ಯಾರ ಹಿತ್ತಲಿನದು, ಹೇಳಿ ತಂದದ್ದೋ ಹೇಳದೆ ಕೊಯ್ದದ್ದೋ ಎಂದು ನಮ್ಮ ಮನೆಗಳಲ್ಲಿ ಕೇಳುತ್ತಾರೆ. ನೀರು ಯಾವ ಬಾವಿಯದು, ಸೇದಿದವರು ಯಾರು ಎಂದು ಕೇಳುತ್ತಾರೆ, ಕೆಲವೊಮ್ಮೆ ಕೇಳಬಾರದಷ್ಟು ಕೇಳುತ್ತಾರೆ! ಇಷ್ಟೊಂದು ಕೇಳಬಲ್ಲ ಮನೆತನದ ಹುಡುಗ ಅಭ್ರಕದ ವಿಷಯದಲ್ಲಿ ಒಂದು ಪ್ರಶ್ನೆ ಕೇಳಲಾರನೆ?

ಸಾಮಾನ್ಯ ಗ್ರಾಹಕನಿಗೆ ಒಂದು ವಿನಾಯಿತಿ ಉಂಟು. ಅಂಗಡಿಯಲ್ಲಿ ನಿಂತ ಕಾರನ್ನು ಅವನು ಕೊಂಡ. ಬಣ್ಣ ಅದರ ಜೊತೆಗೆ ಬಂತು. ಅದರ ಮೂಲ ವಿಚಾರಿಸುವ ಶಕ್ತಿಯೂ ಸಮಯವೂ ಅವನಿಗೆ ಇರಲಿಲ್ಲ. ಹೇಳಿ ಮಾಡಿಸುವವನಿಗೆ ಈ ವಿನಾಯಿತಿ ಸಲ್ಲದು. ಅವನ ಬಣ್ಣ ಅವನ ಸಂಕಲ್ಪದಿಂದಲೇ ಹುಟ್ಟುತ್ತದೆ. ನೀಲಿಯಲ್ಲಿ ಒಂದು ಎಳೆ ಹೆಚ್ಚಾಯಿತೆಂದು ಮಾದರಿಯನ್ನು ಹಿಂದಿರುಗಿಸುವ ಅಧಿಕಾರ ಅವನಿಗಿದೆ, ತಿಂಗಳುಗಟ್ಟಲೆ ಕಾಯುವ ತಾಳ್ಮೆಯಿದೆ, ಅವನ ಪತ್ರಗಳಿಗೆ ಉತ್ತರ ಬರೆಯಲು ಜನರಿದ್ದಾರೆ. ಅಷ್ಟು ಸೂಕ್ಷ್ಮವಾಗಿ ವರ್ಣವನ್ನು ನೋಡಬಲ್ಲ ಕಣ್ಣು ಅದರ ಮೂಲವನ್ನು ನೋಡಲಾರೆನೆಂದರೆ ಒಪ್ಪುವುದು ಕಷ್ಟ. ಆಯ್ಕೆಯ ಸ್ವಾತಂತ್ರ್ಯ ಹೆಚ್ಚಿದಷ್ಟೂ ಕರ್ತೃತ್ವವೂ ಹೆಚ್ಚುತ್ತದೆ.

ಹಾಗೆಂದು ಅಭ್ರಕವನ್ನೇ ಬಿಟ್ಟುಬಿಡು ಎಂದು ಬರೆಯಲು ನನ್ನ ಕೈ ಬರಲಿಲ್ಲ. ಕೃತಕ ಅಭ್ರಕವುಂಟು, ಗಾಜಿನ ಹಳುಕುಗಳುಂಟು. ಅವು ಕಾರ್ಖಾನೆಯಲ್ಲಿ ಆಗುತ್ತವೆ, ಅಲ್ಲಿ ಬಿಲಕ್ಕೆ ಇಳಿಯುವ ಮಗುವಿಲ್ಲ. ಆದರೆ ಎಲ್ಲರೂ ಅವನ್ನೇ ಕೊಂಡರೆ ಕೋಡರ್ಮಾದ ಆ ಸಂಸಾರದ ಸಂಜೆಯ ಗಂಜಿಯ ಗತಿಯೇನು? ನನ್ನ ಕೈ ಶುದ್ಧವಾಯಿತೆಂದು ನಾನು ಕುಳಿತರೆ ಅವರ ಹೊಟ್ಟೆ ತುಂಬುವುದಿಲ್ಲ. ಕೊಳ್ಳದಿರುವುದು ಸುಲಭ, ಸರಿಯಾದ ಕೂಲಿ ಕೊಟ್ಟು, ಹಿರಿಯರಿಂದ ತೆಗೆಸಿ, ಮಗುವನ್ನು ಶಾಲೆಗೆ ಬಿಟ್ಟಲ್ಲಿಂದ ಬಂದದ್ದನ್ನು ಹುಡುಕಿ ಕೊಳ್ಳುವುದು ಕಷ್ಟ, ಹೆಚ್ಚು ಬೆಲೆಯದು. ಆದರೆ ಪೊರೆಯೊಂದಕ್ಕೆ ಹತ್ತು ಸಾವಿರ ಡಾಲರು ಕೊಡುವವನ ಬಾಯಲ್ಲಿ ಬೆಲೆಯ ನೆಪ ಶೋಭಿಸದು.

ನಾನು ಹುಡುಗನಿಗೆ ನೇರವಾಗಿಯೇ ಬರೆದೆ. ಅಜ್ಜಿಯ ಬಣ್ಣವನ್ನು ಹಚ್ಚಿಸಿಕೊಳ್ಳಲು ನನ್ನ ಆಕ್ಷೇಪಣೆಯಿಲ್ಲ. ಇನ್ನಾರಿಗೂ ಕೊಡಬೇಡಿರೆಂಬ ಮಾತನ್ನು ಮಾತ್ರ ಬಿಡು. ಆ ಸೀರೆಯನ್ನು ನೋಡಿ ಚೆನ್ನಾಗಿದೆಯೆಂದು ನೆರೆಯವರು ಹೇಳಿದಾಗ ನಿನ್ನ ಅಜ್ಜಿ ಅಂಗಡಿಯ ಹೆಸರು ಹೇಳಿರಬೇಕೇ ಹೊರತು ಮುಚ್ಚಿಟ್ಟಿರಲಾರರು. ಮತ್ತು ಮಿನುಗು ಎಲ್ಲಿಯದೆಂದು ಕೇಳು, ಎಂದು.

ಉತ್ತರ ಹದಿನೈದು ದಿನಗಳಲ್ಲಿ ಬಂದಿತು. ಆಚಾರ್ಯರಿಗೆ ಸಾಷ್ಟಾಂಗ ನಮಸ್ಕಾರಗಳೆಂದು ಮೊದಲುಮಾಡಿ, ಮೊದಲನೆಯ ಮಾತಿಗೆ ಸ್ವಲ್ಪ ವಾದ ಹೂಡಿದ್ದ. ಅಜ್ಜಿ ಅಂಗಡಿಯ ಹೆಸರು ಹೇಳುತ್ತಿದ್ದುದು ನಿಜ, ಆದರೆ ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ಅಂತಹ ಸೀರೆ ಮುಗಿದಿರುತ್ತಿತ್ತು, ಅದು ಅಜ್ಜಿಗೂ ಗೊತ್ತಿರುತ್ತಿತ್ತು, ಎಂದು. ಇದಕ್ಕೆ ನನ್ನಲ್ಲಿ ಪ್ರತ್ಯುತ್ತರವಿಲ್ಲ. ಆದರೂ ಆ ಕೋರಿಕೆಯನ್ನು ಕೈಬಿಟ್ಟಿದ್ದಾನೆ. ಎರಡನೆಯದಕ್ಕೆ ಮಾರಾಟಗಾರರಿಗೆ ಬರೆದು ಕೇಳಿದ. ಬಣ್ಣದ ಹೆಸರೇನಿಡಬೇಕೆಂದು ಮೂರು ಸಲ ವಿಚಾರಿಸಿದವರು ಇದಕ್ಕೆ ಮಾತ್ರ ಮೇಲಿನವರನ್ನು ಕೇಳಿ ತಿಳಿಸುತ್ತೇವೆ ಎಂದಿದ್ದಾರಂತೆ. ತಿಳಿಸುವವರೆಗೆ ಮಾದರಿಗೆ ಒಪ್ಪಿಗೆ ಹಾಕುವುದಿಲ್ಲವೆಂದೂ, ಸರದಿ ತಪ್ಪಿ ಒಂದು ವರ್ಷ ಹಿಂದಕ್ಕೆ ಹೋದರೂ ಚಿಂತೆಯಿಲ್ಲವೆಂದೂ ಬರೆದಿದ್ದಾನೆ.

ಪತ್ರವನ್ನು ಗೃಹಸ್ಥರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಬಣ್ಣ ಹೇಗಾದರೂ ಆಗಲಿ, ಆ ಸೀರೆಯ ತುಂಡನ್ನು ಮರಳಿ ತರಿಸಲು ಮರೆಯಬೇಡವೆಂದು ಬರೆಯಿರಿ, ಮನೆಯವಳು ಮಿಕ್ಕದ್ದನ್ನು ಇನ್ನೂ ಅಂಚು ಹೊಲಿಯದೆ ಇಟ್ಟಿದ್ದಾಳೆ, ಎಂದರು.